ಸಾಲ ಮಾಡಿ ಅಮೆರಿಕಕ್ಕೆ ಬಂದು ಕ್ಲಾಸಿನಲ್ಲಿ 'ದಿ ವೈರ್' ನೋಡುತ್ತಿದ್ದೇನೆ, ಬೈಯುವವರು ಬೈಯಬಹುದು

ಗಿರ್ಮಿಟ್_ಪ್ರಿಯೆ:

ಇದು ಸೀರಿಯಲ್ ರಿವ್ಯೂ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾನು ಇಲ್ಲಿ ಪಬ್ಲಿಕ್ ಪಾಲಿಸಿ ಓದುತ್ತಿದ್ದೇನೆ. ಈ ಸೆಮಿಸ್ಟರ್ ಒಂದು ಎಲೆಕ್ಟಿವ್ ತಗೊಂಡೆ, ಇಡೀ ಪೇಪರ್ ಒಂದೇ ಟೀವಿ ಸರಣಿಯ ಮೇಲೆ. 'ದಿ ವೈರ್'. ಬಾಲ್ಟಿಮೋರ್ ಊರಿನ ಪೊಲೀಸರು, ಡ್ರಗ್ಸ್ ಮಾರುವ ಹುಡುಗರು, ಬಂದರು, ಶಾಲೆ, ಪೇಪರ್ ಆಫೀಸು, ಎಲ್ಲ ಇದೆ. ಅಪ್ಪನಿಗೆ ಫೋನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ "ಸಾಲಾ ಮಾಡಿ ಟೀವಿ ನೋಡಾಕ ಹೋಗೀಯೇನವಾ ಅಲ್ಲಿಗೆ?" ಅಂದರು.

ಅಪ್ಪನ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹುಡುಕೋಕೆ ನನಗೆ ಎಂಟು ವಾರ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ: 2002ರ ಜೂನ್‌ನಿಂದ 2008ರ ಮಾರ್ಚ್‌ವರೆಗೆ ಎಚ್‌ಬಿಒ ಅನ್ನೋ ಅಮೆರಿಕದ ಟೀವಿ ಚಾನೆಲ್‌ನಲ್ಲಿ ಬಂತು. ಐದು ಸೀಸನ್, 60 ಎಪಿಸೋಡ್. ಮಾಡಿದವರು ಡೇವಿಡ್ ಸೈಮನ್, ಬಾಲ್ಟಿಮೋರ್ ಸನ್ ಪತ್ರಿಕೆಯಲ್ಲಿ ಪೊಲೀಸ್ ಬೀಟ್ ನೋಡುತ್ತಿದ್ದ ವರದಿಗಾರ. ಜೊತೆಗೆ ಎಡ್ ಬರ್ನ್ಸ್, ಅದೇ ಊರಿನಲ್ಲಿ 20 ವರ್ಷ ಪೊಲೀಸ್ ಆಗಿದ್ದು ಆಮೇಲೆ ಸರ್ಕಾರಿ ಶಾಲೆ ಮೇಷ್ಟ್ರಾದವರು. ಬಂದಾಗ ಹೆಚ್ಚು ಜನ ನೋಡಲಿಲ್ಲ. ಒಂದೇ ಒಂದು ಎಮ್ಮಿ ಪ್ರಶಸ್ತಿಯೂ ಬರಲಿಲ್ಲ. ಆದರೆ ಮುಗಿದ ಮೇಲೆ ಕಾಲೇಜುಗಳು ಹಿಡಿದುಕೊಂಡವು. 2009ರಲ್ಲೇ ಮಿಡಲ್‌ಬರಿ ಕಾಲೇಜಿನಲ್ಲಿ ಜೇಸನ್ ಮಿಟ್ಟೆಲ್ ಕೋರ್ಸ್ ಮಾಡಿದರು. 2010ರಲ್ಲಿ ಹಾರ್ವರ್ಡ್‌ನಲ್ಲಿ ವಿಲಿಯಂ ಜೂಲಿಯಸ್ ವಿಲ್ಸನ್, ಅಂದರೆ ಸಮಾಜಶಾಸ್ತ್ರದಲ್ಲಿ ದೊಡ್ಡ ಹೆಸರು, ಅವರೇ ಪಾಠ ಮಾಡಿದರು. ಬರ್ಕ್ಲಿ, ಡ್ಯೂಕ್, ಜಾನ್ಸ್ ಹಾಪ್ಕಿನ್ಸ್, ಎಲ್ಲ ಕಡೆ ಆಯಿತು. ನಮ್ಮ ಪ್ರೊಫೆಸರ್ ಹೊಸದೇನೂ ಮಾಡುತ್ತಿಲ್ಲ.

ನಾನು ಇದನ್ನು ಬೆಂಗಳೂರಿನ ಪಿಜಿಯಲ್ಲಿದ್ದಾಗಲೇ ಒಮ್ಮೆ ನೋಡಿದ್ದೆ. ಆಗ ಡ್ರಗ್ಸ್ ಮಾರುವವರನ್ನೇ ದೋಚುವ ಓಮರ್ ಯಾವಾಗ ಬರುತ್ತಾನೆ, ಯಾರು ಯಾರಿಗೆ ಗುಂಡು ಹಾರಿಸುತ್ತಾರೆ ಅನ್ನೋದೇ ನನ್ನ ಚಿಂತೆ. ಇಲ್ಲಿ ಮೊದಲ ಅಸೈನ್‌ಮೆಂಟ್ ನೋಡಿ ನಗು ಬಂತು. "ಮೊದಲ ಸೀಸನ್‌ನಲ್ಲಿ ಫೋನ್ ಕದ್ದಾಲಿಸೋಕೆ ಮುಂಚೆ ಎಷ್ಟು ಕಾಗದ ಬೇಕಾಯಿತು? ಯಾರು ಬರೆದರು? ಯಾರು ಸಹಿ ಹಾಕಿದರು?" ಅಷ್ಟೇ ಪ್ರಶ್ನೆ.

ಸುಲಭ ಅಂದುಕೊಂಡು ಕೂತೆ. ಮೂರು ರಾತ್ರಿ ಹೋಯಿತು. ಮೊದಲು ಪೇಜರ್, ಆಮೇಲೆ ಬೀದಿಯ ಪೇ ಫೋನ್. ಬೇರೆ ಎಲ್ಲ ದಾರಿ ಪ್ರಯತ್ನಿಸಿ ಆಗಲಿಲ್ಲ ಎಂದು ಅಫಿಡವಿಟ್ ಬರೆಯಬೇಕು, ಜಡ್ಜ್ ಒಪ್ಪಬೇಕು. ಒಪ್ಪಿದ ಮೇಲೂ ಸುಮ್ಮನೆ ಕೇಳುತ್ತಾ ಕೂರುವಂತಿಲ್ಲ. ಪೇ ಫೋನ್ ಎಲ್ಲರದ್ದೂ ಅಲ್ವಾ? ಹಾಗಾಗಿ ಒಬ್ಬ ಪೊಲೀಸ್ ಎದುರು ಕಟ್ಟಡದ ತಾರಸಿ ಮೇಲೆ ಬೈನಾಕ್ಯುಲರ್ ಹಿಡಿದು ಕೂರಬೇಕು. ಈಗ ಫೋನ್ ಹಿಡಿದಿರುವುದು ನಮ್ಮ ಕೇಸಿನ ಹುಡುಗನೇ ಅಂತ ಅವನು ಹೇಳಿದರೆ ಮಾತ್ರ ಕೆಳಗಿನವನು ಕಿವಿಗೆ ಹಾಕಿಕೊಳ್ಳಬೇಕು. ಆ ತಾರಸಿಯವನಿಗೆ ಓವರ್‌ಟೈಮ್ ಕೊಡಬೇಕು. ಓವರ್‌ಟೈಮ್‌ಗೆ ಮೇಲಧಿಕಾರಿ ಒಪ್ಪಬೇಕು. ಮೇಲಧಿಕಾರಿಗೆ ಈ ಕೇಸೇ ಇಷ್ಟ ಇಲ್ಲ.

ಮೊದಲ ಸಲ ನೋಡಿದಾಗ ಈ ತಾರಸಿ ದೃಶ್ಯಗಳನ್ನು ನಾನು ಓಡಿಸಿಬಿಟ್ಟಿದ್ದೆ. ನಿಜವಾದ ಕಥೆ ಅಲ್ಲೇ ಇತ್ತು.

ಕಾಫಿ_ಆಮೇಲೆ_ಮಾತು:

ನಿಮ್ಮಪ್ಪ ಹೇಳಿದ್ದೇ ಸರಿ ಅನಿಸುತ್ತೆ ಮೇಡಂ, ಬೇಜಾರಾಗಬೇಡಿ. ಪೊಲೀಸ್ ವ್ಯವಸ್ಥೆ ತಿಳಿಯಬೇಕಾದರೆ ಪುಸ್ತಕ ಇದೆ, ವರದಿ ಇದೆ, ಅಂಕಿಅಂಶ ಇದೆ. ಕಥೆ ಕಟ್ಟಿದ ಸೀರಿಯಲ್ ನೋಡಿ ಪಾಲಿಸಿ ಕಲಿಯೋದು ಅಂದರೆ ನಮ್ಮ ಕನ್ನಡ ಚಾನೆಲ್ ಕ್ರೈಂ ಸ್ಟೋರಿ ನೋಡಿ ಐಪಿಎಸ್ ಪಾಸ್ ಮಾಡಿದ ಹಾಗೆ. ಅಮೆರಿಕದವರು ಮಾಡಿದರೆ ಅದು ಸಿಲಬಸ್, ನಾವು ನೋಡಿದರೆ ಟೈಂಪಾಸ್.

ಒಂದೇ_ಎಪಿಸೋಡ್_ಸಾಕು:

ಗುರು, ನೀನು ನೋಡಿದ್ದೀಯಾ? ಮೊದಲು ಅದು ಹೇಳು.

ಕಾಫಿ_ಆಮೇಲೆ_ಮಾತು:

ಇಲ್ಲ. ಒಂದು ಎಪಿಸೋಡ್ ಹಾಕಿದ್ದೆ, ಅವರು ಏನು ಮಾತಾಡುತ್ತಿದ್ದಾರೆ ಅಂತ ಒಂದಕ್ಷರ ಅರ್ಥ ಆಗಲಿಲ್ಲ, ಮಲಗಿಬಿಟ್ಟೆ.

ಗಿರ್ಮಿಟ್_ಪ್ರಿಯೆ:

ಸಬ್‌ಟೈಟಲ್ ಹಾಕಿಕೊಳ್ಳಿ ಸರ್, ನಾಚಿಕೆ ಬೇಡ. ನಮ್ಮ ಕ್ಲಾಸಲ್ಲಿ ಇಲ್ಲೇ ಹುಟ್ಟಿ ಬೆಳೆದವರೂ ಹಾಕಿಕೊಂಡೇ ನೋಡುತ್ತಾರೆ.

ಮತ್ತೆ ಪುಸ್ತಕ ಬಿಟ್ಟು ಸೀರಿಯಲ್ ಅಂತ ಯಾರು ಹೇಳಿದರು? ಎರಡನೇ ಸೀಸನ್ ಜೊತೆಗೆ ವಿಲ್ಸನ್ ಅವರ 1996ರ ಪುಸ್ತಕ ಓದಬೇಕು. ಊರಿಂದ ಕಾರ್ಖಾನೆ ಕೆಲಸ ಹೋದಮೇಲೆ ಬೀದಿಗೆ ಏನಾಗುತ್ತದೆ ಅನ್ನೋದು ಅದರ ವಿಷಯ. ಓದಿದರೆ ಸೀರಿಯಲ್ ಹಗುರ ಆಗುವುದಿಲ್ಲ, ಪುಸ್ತಕವೂ ಒಣ ಒಣ ಅನಿಸುವುದಿಲ್ಲ. ಬರೀ ಪುಸ್ತಕ ಆಗಿದ್ದರೆ ನಾನಂತೂ ಅರ್ಧಕ್ಕೇ ನಿಲ್ಲಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಎರಡನೇ ಸೀಸನ್‌ದೇ ಒಂದು ಉದಾಹರಣೆ ಕೊಡುತ್ತೇನೆ. ಬಂದರಿನ ನೀರಲ್ಲಿ ಒಂದು ಹೆಣ್ಣಿನ ಹೆಣ ಸಿಗುತ್ತದೆ. ಆಮೇಲೆ ಒಂದು ಕಂಟೇನರ್ ತೆರೆದರೆ ಒಳಗೆ ಹದಿಮೂರು ಹೆಣ್ಣುಮಕ್ಕಳು ಉಸಿರುಕಟ್ಟಿ ಸತ್ತಿದ್ದಾರೆ. ಒಟ್ಟು 14. ಈಗ ಪೊಲೀಸರ ತಲೆನೋವು ಯಾರು ಕೊಂದರು ಅನ್ನೋದಲ್ಲ. ಇದು ಯಾರ ಲೆಕ್ಕಕ್ಕೆ ಹೋಗುತ್ತೆ ಅನ್ನೋದು! ಕೊಲೆ ವಿಭಾಗದಲ್ಲಿ ಒಂದು ಬಿಳಿ ಬೋರ್ಡ್ ಇದೆ. ಪತ್ತೆ ಆಗದ ಕೇಸು ಕೆಂಪು ಅಕ್ಷರದಲ್ಲಿ, ಪತ್ತೆ ಆದದ್ದು ಕಪ್ಪಲ್ಲಿ. 14 ಕೆಂಪು ಸಾಲು ಯಾರಿಗೆ ಬೇಕು? ಅಪಘಾತ ಅಂದರೆ ಎಲ್ಲರಿಗೂ ಆರಾಮ. ಇನ್ನು ನಮ್ಮ ಹೀರೋ ಮೆಕ್‌ನಲ್ಟಿ, ಅವನನ್ನು ಶಿಕ್ಷೆಗೆಂದು ದೋಣಿ ಕೆಲಸಕ್ಕೆ ಹಾಕಿರುತ್ತಾರೆ, ಅವನು ಉಬ್ಬರ ಇಳಿತದ ಲೆಕ್ಕ ಹಾಕಿ ಹೆಣ ನೀರಿಗೆ ಬಿದ್ದದ್ದು ನಗರದ ಗಡಿಯೊಳಗೇ ಅಂತ ತೋರಿಸುತ್ತಾನೆ. ನ್ಯಾಯಕ್ಕಾಗಿ ಅಲ್ಲ. ತನ್ನ ಹಳೇ ಬಾಸ್ ಮೇಲಿನ ಸಿಟ್ಟಿಗೆ, ಆ ಕೆಂಪು ಸಾಲುಗಳು ಅವನ ಬೋರ್ಡ್ ಮೇಲೆ ಬೀಳಲಿ ಅಂತ.

ಕ್ಲಾಸಲ್ಲಿ ಈ ದೃಶ್ಯ ಮುಗಿದಾಗ ಎಲ್ಲರೂ ನಕ್ಕರು. ಪ್ರೊಫೆಸರ್ ಲೈಟ್ ಹಾಕಿ ಕೇಳಿದ್ದು ಒಂದೇ ಮಾತು: ಆ 14 ಜನರಲ್ಲಿ ಎಷ್ಟು ಜನರ ಹೆಸರು ನಿಮಗೆ ಗೊತ್ತು? ಯಾರೂ ಕೈ ಎತ್ತಲಿಲ್ಲ.

ಕರಿಕೋಟು:

ವಕೀಲ ನಾನು, ಬಾಯಿ ಬಿಡದೆ ಇರಲಾರೆ. "ಇದು ನಮ್ಮ ಲಿಮಿಟ್ಸ್ ಅಲ್ಲ, ಆ ಸ್ಟೇಷನ್‌ಗೆ ಹೋಗಿ" ಅನ್ನೋ ಮಾತು ಕೇಳದ ಕಕ್ಷಿದಾರರು ನನ್ನ ಹತ್ತಿರ ಕಡಿಮೆ. ಅದಕ್ಕೇ ಝೀರೋ ಎಫ್‌ಐಆರ್ ಅಂತ ಬಂದದ್ದು. ಅಪರಾಧ ಎಲ್ಲಿ ನಡೆದಿದ್ದರೂ ಯಾವ ಸ್ಟೇಷನ್‌ನಲ್ಲಾದರೂ ದೂರು ತಗೋಬೇಕು, ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. 2024ರ ಜುಲೈ 1ರಿಂದ ಜಾರಿಯಾದ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾಯ್ದೆ ಬಿಎನ್‌ಎಸ್‌ಎಸ್‌ನ 173ನೇ ಸೆಕ್ಷನ್‌ನಲ್ಲೇ ಈಗ ಅದು ಸೇರಿದೆ. ಕಾಗದದಲ್ಲಿ ಇದೆ ಅಂತ ಹೇಳುತ್ತಿದ್ದೇನೆ, ಅಷ್ಟೇ.

ಇನ್ನು ಫೋನ್ ಕದ್ದಾಲಿಕೆ. ಈ ಸರಣಿ ನೋಡುವ ಭಾರತದವರು ಗಮನಿಸಬೇಕಾದ ವಿಷಯ ಇದು. ಅಲ್ಲಿ 1968ರ ಕಾಯ್ದೆ ಪ್ರಕಾರ ಜಡ್ಜ್ ಅನುಮತಿ ಬೇಕು, ಒಂದು ಸಲಕ್ಕೆ 30 ದಿನ ಮೀರುವಂತಿಲ್ಲ, ಕೇಸಿಗೆ ಸಂಬಂಧ ಇಲ್ಲದ ಮಾತು ಬಂದರೆ ಕೇಳುವುದನ್ನು ನಿಲ್ಲಿಸಬೇಕು. ನಮ್ಮಲ್ಲಿ ಜಡ್ಜ್ ಇಲ್ಲವೇ ಇಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ ಕಾಲದಿಂದ ಸರ್ಕಾರವೇ ಅನುಮತಿ ಕೊಡುತ್ತದೆ. 1996ರಲ್ಲಿ ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ವಲ್ಪ ಬಿಗಿ ಮಾಡಿತು, ಗೃಹ ಕಾರ್ಯದರ್ಶಿ ಸಹಿ ಬೇಕು, ಪರಿಶೀಲನಾ ಸಮಿತಿ ನೋಡಬೇಕು ಅಂತ. ಆ ಸಮಿತಿಯಲ್ಲಿ ಇರುವವರೂ ಸರ್ಕಾರದ ಅಧಿಕಾರಿಗಳೇ. 2023ರ ಹೊಸ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ ಬಂದ ಮೇಲೂ ಮೂಲ ಏರ್ಪಾಡು ಅದೇ. ಹಾಗಾಗಿ ಆ ತಾರಸಿ ಮೇಲಿನ ಪೊಲೀಸ್ ನಮ್ಮ ಕಥೆಯಲ್ಲಿ ಇರುವುದೇ ಇಲ್ಲ. ಅವನು ಯಾಕೆ ಅಲ್ಲಿ ಬಿಸಿಲಲ್ಲಿ ಒಣಗುತ್ತಿದ್ದಾನೆ ಅಂತ ನಮಗೆ ಅರ್ಥ ಆಗದೇ ಇರೋದಕ್ಕೆ ಅದೂ ಒಂದು ಕಾರಣ.

ಒಂದೇ_ಎಪಿಸೋಡ್_ಸಾಕು:

ಸರ್, 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದೂ ಫೋನ್ ಕದ್ದಾಲಿಕೆ ಆರೋಪದ ಮೇಲೇ ಅಲ್ವಾ?

ಕರಿಕೋಟು:

ಹೌದು. ಅದರ ಮೇಲೆ ಒಂದು ಸೀಸನ್ ಮಾಡಬಹುದು, ಯಾರೂ ಮಾಡಲ್ಲ.

ಬಂದರಿನ_ಬದಿಯವನು:

ನಾನು ಬಾಲ್ಟಿಮೋರ್‌ನಲ್ಲೇ ಹದಿನಾಲ್ಕು ವರ್ಷದಿಂದ ಇದ್ದೇನೆ, ಮೂಲ ಕುಂದಾಪುರ. ಈ ಸರಣಿಯ ಹೆಸರು ಕೇಳಿದರೆ ಮೈ ಉರಿಯುತ್ತದೆ ಮಾರಾಯ್ರೆ. ಊರಿಂದ ಯಾರು ಬಂದರೂ ಮೊದಲ ಪ್ರಶ್ನೆ, ಅದು ಆ ಸೀರಿಯಲ್‌ನಲ್ಲಿ ಇದ್ದ ಹಾಗೇ ಉಂಟಾ? ಹೆಂಡತಿ ತಮ್ಮ ಬಂದವ ಮೂರು ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಬಾಲ್ಕನಿಯಲ್ಲಿ ನಿಂತು ಪೊಲೀಸ್ ಸೈರನ್ ಎಣಿಸಿದ.

ಆದರೆ ಸುಳ್ಳು ತೋರಿಸಿದ್ದಾರೆ ಅಂತಲೂ ಹೇಳಲಾರೆ. 1950ರಲ್ಲಿ ಈ ಊರಲ್ಲಿ ಸುಮಾರು ಒಂಬತ್ತೂವರೆ ಲಕ್ಷ ಜನ. 2020ರ ಜನಗಣತಿಯಲ್ಲಿ ಆರು ಲಕ್ಷವೂ ಇಲ್ಲ. ಅಷ್ಟು ಜನ ಹೋದ ಮೇಲೆ ಅವರ ಮನೆಗಳು ಎಲ್ಲಿ ಹೋಗುತ್ತವೆ? ಅಲ್ಲೇ ಇವೆ. ಗೋಡೆಗೆ ಗೋಡೆ ಅಂಟಿದ ಸಾಲು ಮನೆಗಳು, ಕಿಟಕಿಗೆ ಪ್ಲೈವುಡ್ ಹೊಡೆದು ಮುಚ್ಚಿದ್ದು. ನಾಲ್ಕನೇ ಸೀಸನ್ ನೋಡಿದವರಿಗೆ ಆ ಪ್ಲೈವುಡ್ ಅಂದರೆ ಏನು ಅಂತ ಗೊತ್ತು, ನಾನು ಹೇಳುವುದಿಲ್ಲ. ಉಕ್ಕಿನ ಕಾರ್ಖಾನೆ ಇದ್ದ ಸ್ಪ್ಯಾರೋಸ್ ಪಾಯಿಂಟ್ 2012ರಲ್ಲಿ ಪೂರ್ತಿ ಮುಚ್ಚಿತು. ಈಗ ಅಲ್ಲಿ ಗೋದಾಮುಗಳು.

ಸೀರಿಯಲ್ 2008ಕ್ಕೆ ನಿಂತಿತು, ಊರು ನಿಲ್ಲಲಿಲ್ಲ, ನಾನು ಹೇಳಬೇಕೆಂದಿದ್ದು ಇದು. 2015ರಲ್ಲಿ ಪೊಲೀಸ್ ವಶದಲ್ಲಿದ್ದ ಫ್ರೆಡ್ಡಿ ಗ್ರೇ ಸತ್ತ, ಗಲಾಟೆ ಆಯಿತು. 2017ರಲ್ಲಿ ಪೊಲೀಸರದ್ದೇ ಒಂದು ಬಂದೂಕು ಪತ್ತೆ ದಳ ಜನರನ್ನು ದೋಚುತ್ತಿತ್ತು ಅಂತ ಸಿಕ್ಕಿಬಿತ್ತು. ಅದರ ಮೇಲೆ ಸೈಮನ್ 2022ರಲ್ಲಿ ಇನ್ನೊಂದು ಸರಣಿಯನ್ನೇ ಮಾಡಿದರು. 2022ರಲ್ಲಿ 300 ದಾಟಿದ್ದ ಕೊಲೆಗಳು 2024ಕ್ಕೆ 201ಕ್ಕೆ ಇಳಿದವು. ಇದನ್ನು ಯಾರೂ ಕೇಳುವುದಿಲ್ಲ! 2024ರ ಮಾರ್ಚ್ 26ಕ್ಕೆ ಹಡಗು ಗುದ್ದಿ ಕೀ ಬ್ರಿಡ್ಜ್ ಬಿತ್ತಲ್ಲ, ರಾತ್ರಿ ಸೇತುವೆ ಮೇಲೆ ರಸ್ತೆ ರಿಪೇರಿ ಮಾಡುತ್ತಿದ್ದ ಆರು ಜನ ಸತ್ತರು. ಹಡಗಿನ ಸಿಬ್ಬಂದಿ ಹೆಚ್ಚಿನವರು ನಮ್ಮ ದೇಶದವರು. ನನಗೆ ಎರಡನೇ ಸೀಸನ್ ನೆನಪಾದದ್ದು ಅವತ್ತು. ಬಂದರು ಮುಚ್ಚಿ ಕೆಲಸ ಇಲ್ಲದೆ ನಿಂತಿದ್ದ ಹಮಾಲರನ್ನು ಟೀವಿಯಲ್ಲಿ ತೋರಿಸುತ್ತಿದ್ದರು. ಅದೇ ಜಾಕೆಟ್, ಅದೇ ಮುಖ.

ಗಿರ್ಮಿಟ್_ಪ್ರಿಯೆ:

ಅಣ್ಣಾ, ನೀವು ಹೇಳಿದ್ದು ಕ್ಲಾಸಲ್ಲೂ ಬಂತು. ನಮ್ಮ ಜೊತೆ ವೆಸ್ಟ್ ಬಾಲ್ಟಿಮೋರ್‌ನಲ್ಲಿ ಬೆಳೆದ ಒಬ್ಬಳು ಇದ್ದಾಳೆ. ಆರು ವಾರ ಒಂದು ಮಾತಾಡಲಿಲ್ಲ. ಏಳನೇ ವಾರ ನಾವೆಲ್ಲ ಓಮರ್ ಬಗ್ಗೆ ಜೋರಾಗಿ ಚರ್ಚೆ ಮಾಡುತ್ತಿದ್ದಾಗ ಅವಳು ಕೇಳಿದಳು: "ನಮ್ಮ ಬೀದಿಯಲ್ಲಿ ಬೆಳಗ್ಗೆ ಐದೂವರೆಗೆ ಬಸ್ ಸ್ಟಾಪ್ ತುಂಬ ಹೆಂಗಸರು. ಆಸ್ಪತ್ರೆಯಲ್ಲಿ ನೆಲ ಒರೆಸೋಕೆ ಹೋಗೋರು. ನನ್ನಮ್ಮನೂ ಒಬ್ಬಳು. 60 ಎಪಿಸೋಡ್‌ನಲ್ಲಿ ಆ ಬಸ್ಸನ್ನು ಎಷ್ಟು ಸಲ ನೋಡಿದಿರಿ?" ಆಮೇಲೆ ಬ್ಯಾಗ್ ತಗೊಂಡು ಹೊರಗೆ ಹೋಗಲಿಲ್ಲ ಏನಿಲ್ಲ, ಸಿನಿಮಾ ಅಲ್ವಲ್ಲ ಇದು, ಸುಮ್ನೆ ನೀರು ಕುಡಿದು ಕೂತಳು. ಉಳಿದ ಒಂದು ಗಂಟೆ ನಾವು ಎಲ್ಲರೂ ಸ್ವಲ್ಪ ಮೆಲ್ಲಗೆ ಮಾತಾಡಿದೆವು.

ಗುಬ್ಬಚ್ಚಿ_ಗೂಡು:

ಆ ಹುಡುಗಿ ಕೇಳಿದ್ದು ಸರಿಯಾಗಿದೆ. ಈ ಸರಣಿಯನ್ನು ದೇವರ ಹಾಗೆ ಪೂಜೆ ಮಾಡುವವರ ಮೇಲೆ ನನಗೆ ಇರೋ ತಕರಾರೂ ಅದೇ. ಎಲ್ಲ ಸಂಸ್ಥೆಗಳೂ ಕೆಟ್ಟಿವೆ, ಯಾರೂ ಏನೂ ಮಾಡಲಾರರು, ಒಳ್ಳೆಯವನು ಸೋಲುತ್ತಾನೆ, ಅಷ್ಟೇ ಐದು ಸೀಸನ್. ಆದರೆ ಅದೇ ಬಾಲ್ಟಿಮೋರ್‌ನಲ್ಲಿ 1994ರಲ್ಲಿ ಚರ್ಚುಗಳು, ಯೂನಿಯನ್‌ಗಳು ಸೇರಿ, ಬಿಲ್ಡ್ ಅಂತ ಒಂದು ಸಂಘಟನೆ ಮುಂದೆ ನಿಂತು, ನಗರಸಭೆ ಗುತ್ತಿಗೆ ಕೆಲಸದವರಿಗೆ ಬದುಕುವಷ್ಟು ಕೂಲಿ ಕೊಡಲೇಬೇಕು ಅಂತ ಕಾನೂನು ಮಾಡಿಸಿತು. ಅಮೆರಿಕದಲ್ಲೇ ಮೊದಲು. ಅದರ ಸುಳಿವು ಸೀರಿಯಲ್‌ನಲ್ಲಿ ಇದೆಯಾ? ಆ ಬಸ್ ಸ್ಟಾಪಿನ ಹೆಂಗಸರೇ ಮಾಡಿದ ಕೆಲಸ ಅದು. ಬಡವರು ಸಾಯೋದನ್ನು ಮಾತ್ರ ತೋರಿಸಿದರೆ ಅದು ವಾಸ್ತವ, ಬಡವರು ಗೆದ್ದದ್ದು ತೋರಿಸಿದರೆ ಸೀರಿಯಲ್ ಆಗಿಬಿಡುತ್ತಾ?

ಮತ್ತೆ ಹೆಂಗಸರ ಪಾತ್ರ ನೋಡಿ. ಪೊಲೀಸ್ ಕೀಮಾ, ಕೊಲೆಗಾರ್ತಿ ಸ್ನೂಪ್ ಬಿಟ್ಟರೆ ನೆನಪಲ್ಲಿ ಉಳಿಯೋದು ಮಗನನ್ನು ಬೀದಿಗೆ ತಳ್ಳುವ ತಾಯಂದಿರು.

ಒಂದೇ_ಎಪಿಸೋಡ್_ಸಾಕು:

ಅಕ್ಕಾ, ಒಪ್ಪಿದೆ ಅರ್ಧ. ಆದರೆ ಮೂರನೇ ಸೀಸನ್ ಹ್ಯಾಮ್‌ಸ್ಟರ್‌ಡ್ಯಾಮ್ ಮರೆತಿರಾ? ಒಬ್ಬ ಪೊಲೀಸ್ ಮೇಜರ್ ಯಾರಿಗೂ ಹೇಳದೆ ಮೂರು ಖಾಲಿ ಬೀದಿಗಳಲ್ಲಿ ಡ್ರಗ್ಸ್ ಮಾರೋಕೆ ಬಿಟ್ಟುಬಿಡುತ್ತಾನೆ, ಉಳಿದ ಬೀದಿ ಶಾಂತ ಆಗಲಿ ಅಂತ. ಆಮೇಲೆ ಆರೋಗ್ಯ ಕಾರ್ಯಕರ್ತರು ಬಂದು ಸೂಜಿ, ಕಾಂಡೋಮ್ ಹಂಚುತ್ತಾರೆ. ಅದು ಬರೀ ಸೋಲಲ್ಲ.

ಇದರಲ್ಲಿ ಒಂದು ಮಜಾ ಇದೆ. 1988ರಲ್ಲಿ ನಿಜವಾದ ಮೇಯರ್ ಕರ್ಟ್ ಶ್ಮೋಕ್ ಡ್ರಗ್ಸ್ ಅನ್ನು ಅಪರಾಧ ಅನ್ನದೆ ಕಾಯಿಲೆ ಅಂತ ನೋಡಬೇಕಾ, ಚರ್ಚೆ ಮಾಡೋಣ ಅಂದಿದ್ದರು. ಎಲ್ಲರೂ ಮುಗಿಬಿದ್ದು ಬೈದರು. ಅವರ ಕಾಲದಲ್ಲೇ 1994ರಲ್ಲಿ ಊರಲ್ಲಿ ಸೂಜಿ ಬದಲಿಸಿಕೊಡುವ ಕಾರ್ಯಕ್ರಮ ಶುರು ಆಯಿತು. ಆ ಶ್ಮೋಕ್ ಅವರನ್ನೇ ಸೈಮನ್ ಮೂರನೇ ಸೀಸನ್‌ನಲ್ಲಿ ಆರೋಗ್ಯ ಅಧಿಕಾರಿ ಪಾತ್ರಕ್ಕೆ ಕರೆತಂದರು. ಮೇಯರ್‌ಗೆ ಸಲಹೆ ಕೊಡುತ್ತಾ ಕೂತಿರುತ್ತಾರೆ!

ಇಂಥವು ತುಂಬ ಇವೆ. ಎಡ್ ಬರ್ನ್ಸ್ ಪೊಲೀಸ್ ಆಗಿದ್ದಾಗ 1984ರಲ್ಲಿ ಹಿಡಿದು ಜೈಲಿಗೆ ಕಳಿಸಿದ ದೊಡ್ಡ ಡೀಲರ್ ಮೆಲ್ವಿನ್ ವಿಲಿಯಮ್ಸ್ ಸರಣಿಯಲ್ಲಿ ಚರ್ಚಿನ ಹಿರಿಯನ ಪಾತ್ರ ಮಾಡಿದ್ದಾರೆ. ಜೇ ಲ್ಯಾಂಡ್ಸ್‌ಮನ್ ಅಂತ ಒಂದು ಪಾತ್ರ ಇದೆ, ಆ ಹೆಸರಿನ ನಿಜವಾದ ಪೊಲೀಸ್ ಬೇರೆ ಹೆಸರಿನ ಪೊಲೀಸ್ ಆಗಿ ನಟಿಸಿದ್ದಾರೆ. ತಲೆ ತಿರುಗುತ್ತೆ.

ಗುಬ್ಬಚ್ಚಿ_ಗೂಡು:

ಹ್ಯಾಮ್‌ಸ್ಟರ್‌ಡ್ಯಾಮ್ ಕೂಡ ಮೇಲಿನ ಒಬ್ಬ ಅಧಿಕಾರಿ ಕೊಟ್ಟದ್ದು ಅಲ್ವಾ. ಜನ ಕೇಳಿ ಪಡೆದದ್ದಲ್ಲ. ನಾನು ಹೇಳಿದ್ದು ಅದೇ.

ಬೆಂಚಿನ_ಮೇಷ್ಟ್ರು:

ತಡವಾಗಿ ಬಂದೆ, ಕ್ಷಮಿಸಿ, ಇಂಟರ್ನಲ್ಸ್ ಪೇಪರ್ ತಿದ್ದುತ್ತಿದ್ದೆ. ನಾನು ಇಲ್ಲೇ ದಾವಣಗೆರೆ ಕಡೆ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಾಲ್ಕನೇ ಸೀಸನ್ ನೋಡಿ ಎರಡು ದಿನ ನಿದ್ದೆ ಬರಲಿಲ್ಲ. ಕೊಲೆ ನೋಡಿ ಅಲ್ಲ. ಆ ಸ್ಟೋರ್ ರೂಮ್ ನೋಡಿ.

ಪ್ರೆಜ್ ಅಂತ ಒಬ್ಬ. ಪೊಲೀಸ್ ಕೆಲಸ ಬಿಟ್ಟು ಸರ್ಕಾರಿ ಶಾಲೆಗೆ ಗಣಿತ ಮೇಷ್ಟ್ರಾಗಿ ಬರುತ್ತಾನೆ. ಮಕ್ಕಳ ಹತ್ತಿರ ಹಳೇ ಹರಿದ ಪುಸ್ತಕ. ಒಂದು ದಿನ ಸ್ಟೋರ್ ರೂಮಿಗೆ ಹೋದರೆ ಹೊಸ ಪುಸ್ತಕಗಳು ಡಬ್ಬದಲ್ಲೇ ಕೂತಿವೆ, ಒಂದು ಕಂಪ್ಯೂಟರ್ ಕೂಡ. ಯಾರೂ ತೆಗೆದಿಲ್ಲ. ನಾನು ಹಿಂದೆ ಇದ್ದ ಒಂದು ಕಾಲೇಜಿನಲ್ಲಿ ಲ್ಯಾಬ್‌ಗೆ ಬಂದ ಹನ್ನೆರಡು ಮೈಕ್ರೋಸ್ಕೋಪ್ ಥರ್ಮಕೋಲ್ ಬಿಚ್ಚದೆ ಮೂರು ವರ್ಷ ಬೀರುವಿನಲ್ಲಿತ್ತು. ಬಿಚ್ಚಿದರೆ ಹಾಳಾಗುತ್ತೆ, ಹಾಳಾದರೆ ಆಡಿಟ್‌ನವರು ಕೇಳುತ್ತಾರೆ. ತಪಾಸಣೆ ಸಮಿತಿ ಬರುವ ಹಿಂದಿನ ದಿನ ಬಿಚ್ಚಿ ಸಾಲಾಗಿ ಇಟ್ಟೆವು. ಹೋದ ಮೇಲೆ ಮತ್ತೆ ಥರ್ಮಕೋಲ್. ನಾನೇ ಟೇಪ್ ಸುತ್ತಿದ್ದು.

ಆ ಪ್ರೆಜ್‌ಗೆ ಮೀಟಿಂಗಲ್ಲಿ ಹೇಳುತ್ತಾರೆ, ಇನ್ನು ಮುಂದೆ ಪಾಠ ಬಿಡಿ, ರಾಜ್ಯದ ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳನ್ನೇ ಉರು ಹೊಡೆಸಿ, ಶಾಲೆಯ ಅಂಕ ಏರಬೇಕು ಅಂತ. ಅವನಿಗೆ ತಕ್ಷಣ ಹೊಳೆಯುತ್ತದೆ, ಪೊಲೀಸ್ ಇಲಾಖೆಯಲ್ಲೂ ಇದೇ ಮಾಡುತ್ತಿದ್ದೆವು. ಅಲ್ಲಿ ದರೋಡೆಯನ್ನು ಸಣ್ಣ ಕಳವು ಅಂತ ಬರೆದರೆ ಅಪರಾಧ ಇಳಿಯಿತು, ಇಲ್ಲಿ ಪ್ರಶ್ನೆ ಉರು ಹೊಡೆಸಿದರೆ ವಿದ್ಯೆ ಏರಿತು. ಅಂಕಿ ತಿದ್ದಿದರೆ ಮೇಜರ್ ಕರ್ನಲ್ ಆಗುತ್ತಾನೆ. ಇಷ್ಟು ನೇರವಾಗಿ ಯಾವ ಬಿ.ಎಡ್. ಪುಸ್ತಕವೂ ನನಗೆ ಹೇಳಿರಲಿಲ್ಲ.

ನಮ್ಮಲ್ಲಿ ಹೊರಗೆ ಬಂದದ್ದು 2024ರಲ್ಲಿ. ಎಸ್ಎಸ್ಎಲ್‌ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಇಟ್ಟರು. ಹಿಂದಿನ ವರ್ಷ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಮಾರ್ಕ್ಸ್ ಜಾಸ್ತಿ ಕೊಟ್ಟ ಮೇಲೆ! ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರಾ? ಆ 83 ಎಲ್ಲಿಂದ ಬಂದಿತ್ತು ಅಂತ ಕೇಳುವವರು ಕಡಿಮೆ, 73 ಯಾಕೆ ಆಯಿತು ಅಂತ ಮೇಷ್ಟ್ರಿಗೆ ನೋಟಿಸ್.

ಕಾಫಿ_ಆಮೇಲೆ_ಮಾತು:

ಸರ್, ಇದು ಓದಿದ ಮೇಲೆ ನನಗೂ ಒಂದು ವಿಷಯ ಹೊಳೆಯಿತು. ನಮ್ಮ ಆಫೀಸಲ್ಲಿ ಟಿಕೆಟ್ ಕ್ಲೋಸ್ ಮಾಡೋದು ಅಂತ ಇದೆ. ಕಸ್ಟಮರ್ ಸಮಸ್ಯೆ ಬಗೆಹರಿಯಲಿ ಬಿಡಲಿ, 48 ಗಂಟೆ ಒಳಗೆ ಟಿಕೆಟ್ ಕ್ಲೋಸ್ ಆಗಬೇಕು. ಹಾಗಾಗಿ ಕ್ಲೋಸ್ ಮಾಡಿ ಹೊಸ ನಂಬರ್‌ನಲ್ಲಿ ಮತ್ತೆ ಓಪನ್ ಮಾಡುತ್ತೇವೆ. ಕೆಂಪು ಹೋಗಿ ಹಸಿರು ಬರುತ್ತೆ. ಹೋದ ತಿಂಗಳು ನನಗೆ ಅದಕ್ಕೆ ಪ್ರಶಂಸಾ ಪತ್ರವೂ ಬಂತು. ಇವತ್ತಿಂದ ಎರಡನೇ ಎಪಿಸೋಡ್ ಶುರು ಮಾಡುತ್ತೇನೆ.

ಗಿರ್ಮಿಟ್_ಪ್ರಿಯೆ:

ಹಹಾ, ಸ್ವಾಗತ ಸರ್! ಅಪ್ಪನಿಗೆ ನಾನು ಕೊಡಬೇಕಿದ್ದ ಉತ್ತರವನ್ನು ನೀವೂ ಮೇಷ್ಟ್ರೂ ಕೊಟ್ಟುಬಿಟ್ಟಿರಿ. ಪೊಲೀಸ್ ಕಥೆ ಅಂತ ನೋಡೋಕೆ ಹೋಗಿ ಕೊನೆಗೆ ರಿಜಿಸ್ಟರ್ ಪುಸ್ತಕ ಓದೋದನ್ನು ಕಲಿಯುತ್ತೇವೆ.

ಎರಡನೇ ಎಪಿಸೋಡ್ ಆದ ಮೇಲೆ ಮೂರನೆಯದು ಬಿಡಬೇಡಿ. ಅದರಲ್ಲಿ ಚೆಸ್ ದೃಶ್ಯ ಬರುತ್ತದೆ. ಡ್ರಗ್ಸ್ ಮಾರುವ ಇಬ್ಬರು ಹುಡುಗರು, ಬೋಡಿ ಮತ್ತು ವ್ಯಾಲೆಸ್, ಚೆಸ್ ಕಾಯಿಗಳನ್ನು ಇಟ್ಟುಕೊಂಡು ಚೆಕರ್ಸ್ ಅನ್ನೋ ಬೇರೆ ಆಟ ಆಡುತ್ತಿರುತ್ತಾರೆ. ಅವರ ಮೇಲಿನವನು ಡಿ'ಆಂಜೆಲೊ ಬಂದು, ಇದಕ್ಕಿಂತ ಒಳ್ಳೆ ಆಟ ಇದೆ ಅಂತ ಒಂದೊಂದೇ ಕಾಯಿ ಎತ್ತಿ ಹೇಳಿಕೊಡುತ್ತಾನೆ. ರಾಜ ಜಾಸ್ತಿ ಓಡಾಡಲ್ಲ, ಎಲ್ಲರೂ ಅವನನ್ನು ಕಾಯುತ್ತಾರೆ, ಅಂದರೆ ಅವರ ಬಾಸ್. ಆಮೇಲೆ ಕ್ವೀನ್. ಎಲ್ಲ ಕಡೆ ಹೋಗುತ್ತದೆ, ಕೆಲಸ ಮುಗಿಸುತ್ತದೆ. ಅದು ಬಾಸ್‌ನ ಬಲಗೈ ಸ್ಟ್ರಿಂಗರ್ ಬೆಲ್ ಥರ ಇದೆ ಅಂತ ಆ ಹುಡುಗರಿಗೇ ಹೊಳೆಯುತ್ತದೆ.

ಕ್ಲಾಸಲ್ಲಿ ಎಲ್ಲರೂ ಇಲ್ಲಿ ನಕ್ಕರು, ಆರಡಿ ಗಂಡಸನ್ನು ರಾಣಿ ಅನ್ನೋದು ತಮಾಷೆ ಅಲ್ವಾ. ನನಗೆ ನಗು ಬರಲಿಲ್ಲ. ನಾನು ಹುಬ್ಬಳ್ಳಿಯಲ್ಲಿ ಅಜ್ಜನ ಹತ್ತಿರ ಚೆಸ್ ಕಲಿತವಳು, ನಮಗೆ ಅದು ಕ್ವೀನ್ ಅಲ್ಲ, ಮಂತ್ರಿ! ಸ್ಟ್ರಿಂಗರ್ ಪಕ್ಕಾ ಮಂತ್ರಿ. ಲೆಕ್ಕ ಬರೆಯುತ್ತಾನೆ, ಸಂಜೆ ಕಾಲೇಜಿಗೆ ಹೋಗಿ ಎಕನಾಮಿಕ್ಸ್ ಓದುತ್ತಾನೆ, ಬೆಲೆ ಏರಿದರೂ ಬೇಡಿಕೆ ಇಳಿಯದ ಸರಕು ಯಾವುದು ಅಂತ ಮೇಷ್ಟ್ರು ಹೇಳಿದ್ದನ್ನು ತಂದು ಬೀದಿಯಲ್ಲಿ ಪ್ರಯೋಗ ಮಾಡುತ್ತಾನೆ. ರಾಜನ ಹೆಸರಲ್ಲಿ ರಾಜ್ಯ ನಡೆಸುವವನು ಮಂತ್ರಿ, ಆಮೇಲೆ ರಾಜನ ಬೆನ್ನ ಹಿಂದೆ ಏನು ಮಾಡುತ್ತಾನೆ ಅನ್ನೋದೂ ನಮ್ಮ ಕಥೆಗಳಲ್ಲಿ ಬೇಕಾದಷ್ಟು ಇದೆ. ಕೈ ಎತ್ತಿ ಇದನ್ನು ಹೇಳಿದೆ. ಪ್ರೊಫೆಸರ್ ಆ ಪದವನ್ನು ಬೋರ್ಡ್ ಮೇಲೆ ಬರೆಸಿದರು, ಕನ್ನಡದಲ್ಲೇ. ಚಾಕ್‌ಪೀಸ್ ಮುರಿದೇ ಹೋಯಿತು ನನ್ನ ಕೈಯಲ್ಲಿ, ಅಷ್ಟು ಖುಷಿ.

ಆನೆ ಮಾತ್ರ ಕೈ ಕೊಟ್ಟಿತು. ಇಂಗ್ಲಿಷ್‌ನಲ್ಲಿ ಅದು ಕೋಟೆ, ಹಾಗಾಗಿ ಡಿ'ಆಂಜೆಲೊ ಅದನ್ನು ಸರಕು ಬಚ್ಚಿಡುವ ಮನೆ ಅನ್ನುತ್ತಾನೆ, ಆಗಾಗ ಜಾಗ ಬದಲಿಸುತ್ತಾರಲ್ಲ. ನಮ್ಮ ಆನೆಯಲ್ಲಿ ಏನು ಬಚ್ಚಿಡೋಣ?

ಕೊನೆಗೆ ಕಾಲಾಳು. ಬೋಡಿ ಕೇಳುತ್ತಾನೆ, ಆ ತುದಿ ಮುಟ್ಟಿದರೆ ನಾನು ಗೆದ್ದೆ ತಾನೇ? ಇಲ್ಲ, ಕಾಲಾಳುಗಳು ಬೇಗ ಸಾಯುತ್ತವೆ. ಬೋಡಿ ಅದಕ್ಕೆ, ಚುರುಕು ಕಾಲಾಳು ಆದರೆ ಸಾಯಲ್ಲ ಅನ್ನುತ್ತಾನೆ. ಮೂರು ಸೀಸನ್ ಆದ ಮೇಲೆ ಇದೇ ಬೋಡಿ ಪಾರ್ಕಿನಲ್ಲಿ ಕೂತು ಮೆಕ್‌ನಲ್ಟಿಗೆ ಆ ಚೆಸ್ ಮಣೆಯ ಪುಟ್ಟ ಕಾಯಿಗಳ ಬಗ್ಗೆ ಹೇಳುತ್ತಾನೆ, ಅವನಿಗೆ ಅದರ ಹೆಸರೂ ನೆನಪಿಲ್ಲ, ಮೆಕ್‌ನಲ್ಟಿ ಹೇಳಿಕೊಡುತ್ತಾನೆ. ಅದೇ ಎಪಿಸೋಡಿನ ಕೊನೆಗೆ...

ಕಾಫಿ_ಆಮೇಲೆ_ಮಾತು:

ಮೇಡಂ!! ಈಗ ತಾನೇ ಶುರು ಮಾಡುತ್ತೇನೆ ಅಂದೆ. ಸ್ಪಾಯ್ಲರ್ ಬೇಡ ದಯವಿಟ್ಟು.

ಗಿರ್ಮಿಟ್_ಪ್ರಿಯೆ:

ಅಯ್ಯೋ ಸಾರಿ ಸರ್. ಅವನು ಆರಾಮಾಗಿ ಇರುತ್ತಾನೆ. ನೋಡಿ ನೀವು.

ಬೆಂಚಿನ_ಮೇಷ್ಟ್ರು:

ಒಂದು ಸಹಾಯ. ಶನಿವಾರ ನನ್ನ ಕೊನೇ ಪೀರಿಯಡ್ ಖಾಲಿ ಇದೆ, ಬಿ.ಎ. ಎರಡನೇ ವರ್ಷದವರಿಗೆ ಹತ್ತು ನಿಮಿಷ ತೋರಿಸೋಣ ಅಂತ. ಬೈಗುಳ ಕಡಿಮೆ ಇರುವ ದೃಶ್ಯ ಯಾವುದು?

ಒಂದೇ_ಎಪಿಸೋಡ್_ಸಾಕು:

ಸರ್, ಅಂಥದ್ದು ಇಲ್ಲ. ಮೊದಲ ಸೀಸನ್‌ನ ನಾಲ್ಕನೇ ಎಪಿಸೋಡಿನ ಅಡುಗೆಮನೆ ದೃಶ್ಯ ಮಾತ್ರ ಯಾವ ಕಾರಣಕ್ಕೂ ತೋರಿಸಬೇಡಿ. ಇಬ್ಬರು ಪೊಲೀಸರು ಕೊಲೆ ನಡೆದ ಜಾಗ ಪರೀಕ್ಷೆ ಮಾಡುತ್ತಾರೆ, ಅದ್ಭುತ ದೃಶ್ಯ, ಆದರೆ ಇಡೀ ದೃಶ್ಯದಲ್ಲಿ ಒಂದೇ ಒಂದು ಕೆಟ್ಟ ಪದವನ್ನು ಹತ್ತಾರು ರಾಗದಲ್ಲಿ ಹೇಳುತ್ತಾರೆ. ನಿಮ್ಮ ಪ್ರಿನ್ಸಿಪಾಲರು ಕಾರಿಡಾರ್‌ನಲ್ಲಿ ಬಂದರೆ ಮುಗೀತು.

ಗಿರ್ಮಿಟ್_ಪ್ರಿಯೆ:

ಪ್ರೆಜ್ ದಾಳ ತಂದು ಮಕ್ಕಳಿಗೆ ಪ್ರಾಬಬಿಲಿಟಿ ಹೇಳಿಕೊಡುವುದು ತೋರಿಸಿ ಸರ್. ಎರಡು ದಾಳದಲ್ಲಿ ಯಾವ ಮೊತ್ತ ಹೆಚ್ಚು ಸಲ ಬೀಳುತ್ತೆ ಅನ್ನೋದು. ಅದೇ ಹುಡುಗರು ಬೀದಿಯಲ್ಲಿ ದಾಳ ಆಡೋರು, ಹಾಗಾಗಿ ಮೊದಲ ಸಲ ಕ್ಲಾಸಲ್ಲಿ ಎದ್ದು ಕೂರುತ್ತಾರೆ.

ಬೆಂಚಿನ_ಮೇಷ್ಟ್ರು:

ವರದಿ ಒಪ್ಪಿಸುತ್ತಿದ್ದೇನೆ. ಪ್ರೊಜೆಕ್ಟರ್ ಕೇಬಲ್ ಸಿಗಲಿಲ್ಲ, ಬೀರುವಿನ ಕೀ ಅಟೆಂಡರ್ ಹತ್ತಿರ, ಅಟೆಂಡರ್ ರಜೆ. ನನ್ನ ಲ್ಯಾಪ್‌ಟಾಪ್ ಮೇಜಿನ ಮೇಲೆ ಇಟ್ಟು ಮೂವತ್ತೆಂಟು ಜನ ಸುತ್ತ ನಿಂತು ನೋಡಿದರು. ಸಬ್‌ಟೈಟಲ್ ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ, ಬೈಗುಳ ಬಂದ ಕಡೆ ಕೆಮ್ಮಿದೆ. ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಹೋಯಿತು ಅಂದುಕೊಂಡೆ. ಆಗ ಕೊನೇ ಬೆಂಚಿನ ಒಬ್ಬ, ಇಡೀ ವರ್ಷ ಬಾಯಿ ಬಿಡದವನು, "ಸಾರ್, ದಾಳ ಬ್ಯಾಡ, ನಮ್ಮ ಕಡೆ ಅಂದರ್ ಬಾಹರ್ ಐತಲ್ಲ, ಅದರಾಗ ಮೊದಲು ಎಲೆ ಬೀಳೋ ಕಡೆಗೇ ಒಂದ್ ಚೂರು ಜಾಸ್ತಿ ಚಾನ್ಸು, ಅದು ಯಾಕ ಅಂತ ಹೇಳ್ಲಾ?" ಅಂದ. ಬೋರ್ಡ್ ಹತ್ತಿರ ಕರೆದೆ. ಸರಿಯಾಗಿಯೇ ಹೇಳಿದ. ಹೇಗೆ ಗೊತ್ತು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಷ್ಟರಲ್ಲಿ ಬೆಲ್ ಹೊಡೆಯಿತು.